ಮರಿಬಸಪ್ಪ ಮಾಸ್ತರರ ಮೇಲೆ ಬಂದ ಎರಡು ಅರ್ಜಿಗಳು

ಮೂವತ್ತು ವರ್ಷದಿಂದ ಟಪಾಲು ಒಡೆಯುವುದೇ ನನ್ನ ಕೆಲಸ. ಬಳ್ಳಾರಿಯ ಒಂದು ಸರ್ಕಾರಿ ಕಚೇರಿ. ಸಾಲಿ ಮಾಸ್ತರರಿಗೆ ಸಂಬಂಧಪಟ್ಟದ್ದು ಎಂದಷ್ಟೇ ಹೇಳುತ್ತೇನೆ, ಯಾವುದು ಎಂದು ಕೇಳಬೇಡಿ, ನನಗಿನ್ನೂ ಪಿಂಚಣಿ ಬರಬೇಕು. ಮೂಗರ್ಜಿ ಎಂದರೆ ಗೊತ್ತಲ್ಲ, ಹೆಸರು ಸಹಿ ಇಲ್ಲದೆ ಒಬ್ಬರ ಮೇಲೊಬ್ಬರು ಹಾಕುವ ದೂರು. ವಾರಕ್ಕೆ ಎರಡು ಮೂರಾದರೂ ಬರುತ್ತವೆ. ಇಂಥ ಮಾಸ್ತರರು ಬಿಸಿಯೂಟದ ಬೇಳೆ ಮನೆಗೆ ಒಯ್ದರು, ಇಂಥ ಮೇಡಂ ಹನ್ನೊಂದು ಗಂಟೆಗೆ ಬರುತ್ತಾರೆ, ಇತ್ಯಾದಿ. ಓದಿ ಓದಿ ನನಗೆ ಮನುಷ್ಯರ ಮೇಲಿನ ನಂಬಿಕೆಯೇ ಹೋಗಿಬಿಟ್ಟಿದೆ. ಆದರೆ ತಮ್ಮ ಮೇಲೆ ತಾವೇ ಮೂಗರ್ಜಿ ಹಾಕಿಕೊಂಡವರನ್ನು ನಾನು ಕಂಡದ್ದು ಒಬ್ಬರನ್ನೇ. ಅವರು ನನ್ನ ಪಕ್ಕದ ಮೇಜಿನಲ್ಲಿ ಕೂತಿರುತ್ತಿದ್ದರು.

ಮರಿಬಸಪ್ಪ ಮಾಸ್ತರರ ಹುಟ್ಟೂರು ಕರೂರು, ನೌಕರಿ ಹಚ್ಚೊಳ್ಳಿಯ ಹೈಸ್ಕೂಲಿನಲ್ಲಿ. ಎರಡೂ ಸಿರುಗುಪ್ಪ ತಾಲ್ಲೂಕು. ಹೆಂಡತಿ ಚನ್ನವೀರಮ್ಮ ಮಾತ್ರ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಹುಟ್ಟಿ ಬೆಳೆದವರು. ಹೊಲಿಗೆಯಲ್ಲಿ ಅವರ ಕೈ ಬಹಳ ಚುರುಕು. ಬಳ್ಳಾರಿಯಲ್ಲಿ ರಸ್ತೆಗೆ ಬಾಗಿಲಿರುವ ಒಂದು ಮನೆ ಹಿಡಿದು, ಬೋರ್ಡು ಹಾಕಿ, ಬ್ಲೌಸು ಹೊಲಿಯುವ ಅಂಗಡಿ ಇಡಬೇಕೆಂಬುದೇ ಅವರ ಆಸೆ. ಹನ್ನೊಂದು ವರ್ಷ ಹಚ್ಚೊಳ್ಳಿಯಲ್ಲಿದ್ದು, ಪ್ರತಿ ವರ್ಗಾವಣೆಯ ಕಾಲಕ್ಕೂ ಗಂಡನಿಗೆ ಒಂದೇ ಮಾತು ಹೇಳಿದರು: “ನಿಮ್ಮ ಹಿಂದ ನೌಕರಿ ಸೇರಿದವ್ರೆಲ್ಲ ಬಳ್ಳಾರಿ ಸೇರ್ಕೊಂಡ್ರು. ನೀವು ಇಲ್ಲೇ ಎಮ್ಮಿ ಎಣಿಸ್ಕೊಂತ ಕುಂದ್ರರಿ.”

ಮಾಸ್ತರರು ಅರ್ಜಿ ಹಾಕುತ್ತಲೇ ಇದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಆ ಪೂಜಾರಿಗಳಲ್ಲಿ ನಾನೂ ಒಬ್ಬ, ಒಪ್ಪಿಕೊಳ್ಳುತ್ತೇನೆ. ಕೊನೆಗೆ ಅವರ ಕೈ ಹಿಡಿದದ್ದು ಅವರ ಎಡ ಮೊಣಕಾಲು. ಶಿಕ್ಷಕರ ದಿನಾಚರಣೆಯಂದು ಒಂಬತ್ತನೇ ತರಗತಿಯ ಮಕ್ಕಳೊಡನೆ ಕಬಡ್ಡಿ ಆಡಲು ಇಳಿದರು. ನಲವತ್ತಾರನೇ ವಯಸ್ಸಿನಲ್ಲಿ ಕಬಡ್ಡಿ! ಐದು ಜನ ಸೇರಿ ಕಾಲು ಹಿಡಿದರು. ಗೆರೆ ಮುಟ್ಟಲೆಂದು ಮಾಸ್ತರರು ಮೈ ತಿರುಗಿಸಿದರು. ಮೈ ತಿರುಗಿತು, ಕಾಲು ತಿರುಗಲಿಲ್ಲ. ಬಳ್ಳಾರಿಯ ಡಾಕ್ಟರು ಸ್ಕ್ಯಾನ್ ನೋಡಿ, ಮೊಣಕಾಲಿನೊಳಗಿನ ಮೆತ್ತೆ ಹರಿದಿದೆ, ಹೆಚ್ಚು ಹೊತ್ತು ನಿಂತು ಪಾಠ ಮಾಡುವ ಹಾಗಿಲ್ಲ ಎಂದು ಸರ್ಟಿಫಿಕೇಟು ಬರೆದುಕೊಟ್ಟರು. ಚನ್ನವೀರಮ್ಮ ಅದನ್ನು ಎದೆಗೊತ್ತಿಕೊಂಡು ಅತ್ತರು. ಅತ್ತು ಮುಗಿಸಿ, ಕಣ್ಣೊರೆಸಿಕೊಂಡು, “ಇದನ್ನ ವರ್ಗಾವಣಿ ಅರ್ಜಿಗೆ ಹಚ್ರಿ” ಎಂದರು.

ಮೊಣಕಾಲು ನೋವು ಎಂದು ಬಾಯಿ ಬಿಟ್ಟರೆ ನಮ್ಮ ಕಡೆ ಎಲ್ಲರೂ ಡಾಕ್ಟರೇ. ಒಬ್ಬ ನುಗ್ಗೆಸೊಪ್ಪು ಅರೆದು ಕಟ್ಟು ಅಂದ, ಒಬ್ಬ ಬೆಂಡೆಕಾಯಿ ನೆನೆಸಿದ ನೀರು ಕುಡಿ ಅಂದ, ಮತ್ತೊಬ್ಬ ಆಂಧ್ರಕ್ಕೆ ಹೋಗಿ ಕಟ್ಟು ಹಾಕಿಸಿಕೊಂಡು ಬಾ ಅಂದ. ಮಾಸ್ತರರು ಎಲ್ಲರಿಗೂ ಹೂಂಗುಟ್ಟಿ, ನಿಜವಾದ ಡಾಕ್ಟರು ಹೇಳಿದ್ದನ್ನು ಮಾಡಿದರು. ತೊಡೆ ಗಟ್ಟಿಯಾದರೆ ಮೊಣಕಾಲಿನ ಮೇಲಿನ ಭಾರ ಇಳಿಯುತ್ತದೆ, ಸೈಕಲ್ ತುಳಿಯಿರಿ, ಈಜಿರಿ ಎಂದಿದ್ದರು ಅವರು. ಹಚ್ಚೊಳ್ಳಿಯಲ್ಲಿ ಈಜಲು ಕಾಲುವೆಗಿಂತ ಬೇರೇನು ಬೇಕು? ಮುಂಜಾನೆ ಒಂದು ಸೇತುವೆಯ ಬಳಿ ಇಳಿದು ಮುಂದಿನ ಸೇತುವೆಯ ಬಳಿ ಏಳುವುದು, ಆಮೇಲೆ ಸಿರುಗುಪ್ಪದ ಕಡೆಗೆ ಸೈಕಲ್ಲು. ಆರು ತಿಂಗಳಲ್ಲಿ ಬಾವು ಇಳಿಯಿತು. ವರ್ಷ ತುಂಬುವುದರೊಳಗೆ ಕಾಲುವೆ ದಂಡೆಯ ಮೇಲೆ ಓಡಲು ಹತ್ತಿದರು. ನೂರು ಹೆಜ್ಜೆ ಓಟ, ನೂರು ಹೆಜ್ಜೆ ನಡಿಗೆ. ಇಳಿಜಾರು ಬಂದರೆ ಬೆನ್ನು ಮುಂದೆ ಮಾಡಿ ಇಳಿಯುವುದು, ಹಾಗೆ ಇಳಿದರೆ ಮೊಣಕಾಲಿಗೆ ನೋವಾಗುವುದಿಲ್ಲವಂತೆ. ಕುಂಟನಿಗೆ ಎಂಟು ಚೇಷ್ಟೆ ಎಂದು ಊರವರು ನಕ್ಕರು.

ಈಜು, ಸೈಕಲ್ಲು, ಓಟ ಈ ಮೂರನ್ನೂ ಒಂದರ ಹಿಂದೊಂದು ಮಾಡುವ ಪಂದ್ಯವೇ ಇದೆ, ಅದಕ್ಕೆ ಟ್ರಯಥ್ಲಾನ್ ಎನ್ನುತ್ತಾರೆ ಎಂದು ಅವರಿಗೆ ಫೋನಿನಲ್ಲಿ ಯಾವುದೋ ವಿಡಿಯೋ ನೋಡಿ ತಿಳಿಯಿತು. “ಆಚಾರ್ರ, ನಾನು ದಿನಾ ಮಾಡೋದಕ್ಕ ಇಂಗ್ಲಿಷಿನ್ಯಾಗ ಒಂದು ಹೆಸರು ಐತಿ ಅಂತ ನನಗ ಗೊತ್ತೇ ಇರಲಿಲ್ರಿ” ಎಂದು ಆಮೇಲೆ ನನಗೆ ಹೇಳಿದ್ದರು.

ಅತ್ತ ಅವರ ಅರ್ಜಿ ನಮ್ಮ ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಎರಡು ವರ್ಷ ಕುಂಟಿತು. ಅರ್ಜಿ ಹಾಕಿದಾಗ ಮಾಸ್ತರರು ಕುಂಟುತ್ತಿದ್ದರು. ಆದೇಶ ಹೊರಬಿದ್ದಾಗ ಓಡುತ್ತಿದ್ದರು. ನಿಂತು ಪಾಠ ಮಾಡಲು ಅಶಕ್ತರಾದ ಕಾರಣ ಬಳ್ಳಾರಿ ಕಚೇರಿಗೆ ನಿಯೋಜಿಸಲಾಗಿದೆ ಎಂದು ಆದೇಶ. ಚನ್ನವೀರಮ್ಮ ಓಣಿಗೆಲ್ಲ ಪೇಡೆ ಹಂಚಿದರು. ಮಾಸ್ತರರೂ ಒಂದು ತಿಂದರು. ಅವರಿಗೆ ಹಚ್ಚೊಳ್ಳಿ ಬಿಡುವ ಮನಸ್ಸು ಎಳ್ಳಷ್ಟೂ ಇರಲಿಲ್ಲ, ಅದನ್ನು ಹೇಳುವ ಧೈರ್ಯವೂ ಇರಲಿಲ್ಲ.

ನಿಲ್ಲಲಾಗದ ಮನುಷ್ಯನಿಗೆ ನಮ್ಮ ಕಚೇರಿ ಕೊಟ್ಟ ಜಾಗ ಎರಡನೇ ಮಹಡಿ. ಲಿಫ್ಟ್ ಇಲ್ಲ. ಹತ್ತರಿಂದ ಐದೂವರೆಯವರೆಗೆ ಮೊಣಕಾಲು ಮಡಚಿ ಕೂರಬೇಕು, ಹರಿದ ಮೊಣಕಾಲಿಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲವಂತೆ. ಮುಂಜಾನೆ ಸೈಕಲ್ ತೆಗೆದರೆ ಲಾರಿ, ಧೂಳು. ಈಜಲು ಹೋದರೆ ಕೊಳದಲ್ಲಿ ನೀರಿಗಿಂತ ಜನವೇ ಹೆಚ್ಚು. ಮೂರು ತಿಂಗಳಲ್ಲಿ ಮೊಣಕಾಲು ಮತ್ತೆ ಊದಿತು.

“ಮನಿಯಾಗ ಹೇಳ್ರಿ ಮಾಸ್ತರ. ಹೆಂಡ್ತಿ ಏನು ಹುಲಿ ಏನ್ರಿ?” ಎಂದೆ ಒಂದು ದಿನ, ಕೆಳಗಿನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ ತಿನ್ನುತ್ತ.

“ಆಕಿ ಅಂಗಡಿ ಇಟ್ಟಾಳ್ರಿ ಆಚಾರ್ರ. ದಿನಾ ಮುಂಜಾನಿ ಎದ್ದು ಬೋರ್ಡು ಒರೆಸ್ತಾಳ. ಆ ಹೊತ್ತಿನ್ಯಾಗ ಆಕಿ ಮುಖ ನೀವು ನೋಡಿಲ್ಲ. ಹನ್ನೊಂದು ವರ್ಷ ಕಾದಾಳ. ಯಾವ ಬಾಯಿಲೆ ಹೇಳ್ಲಿ?”

ಮಿರ್ಚಿ ಕಡಿದು, ತಮ್ಮ ಉಪಾಯ ಹೇಳಿದರು. ಕುರುಗೋಡಿನ ಹತ್ತಿರ ಯಾವುದೋ ಕ್ಲಬ್ಬಿನವರು ಟ್ರಯಥ್ಲಾನ್ ಇಟ್ಟಿದ್ದರು. ಕೆರೆಯಲ್ಲಿ ಮುಕ್ಕಾಲು ಕಿಲೋಮೀಟರ್ ಈಜು, ಇಪ್ಪತ್ತು ಕಿಲೋಮೀಟರ್ ಸೈಕಲ್ಲು, ಐದು ಕಿಲೋಮೀಟರ್ ಓಟ, ಎರಡು ತಾಸಿನೊಳಗೆ ಮುಗಿಸಬೇಕು. ಅದಕ್ಕೆ ನಮ್ಮ ಕಚೇರಿಯ ಮುಖ್ಯಸ್ಥರಾದ ವಾಸುದೇವ ಸಾಹೇಬರನ್ನೇ ಮುಖ್ಯ ಅತಿಥಿಯಾಗಿ ಕರೆಸುವುದು. ತಾವು ಓಡುವುದು ಅವರ ಕಣ್ಣಿಗೆ ಬೀಳುವುದು. ಕಾಲು ನೆಟ್ಟಗಿದೆ, ಕಳ್ಳ ನೆವ ಹೇಳಿದ್ದೀಯ, ನಡಿ ಹಚ್ಚೊಳ್ಳಿಗೆ ಎಂದು ಸಾಹೇಬರೇ ಅಟ್ಟುವುದು.

“ಆಗ ಆಕಿ ಮುಂದ ನಂದೇನೂ ತಪ್ಪಿರಂಗಿಲ್ಲ” ಎಂದರು.

ನೋಡಿ ಮನುಷ್ಯನ ಬುದ್ಧಿ! ಹೆಂಡತಿಗೆ ಒಂದು ಮಾತು ಹೇಳಲಾರದೆ ಇಪ್ಪತ್ತಾರು ಕಿಲೋಮೀಟರ್ ಸುತ್ತು ಹಾಕಿ ಹೋಗುವವನನ್ನು ಎಲ್ಲಾದರೂ ಕಂಡಿದ್ದೀರಾ?

ಪಂದ್ಯದ ದಿನ ಸಾಹೇಬರ ಜೀಪಿನಲ್ಲಿ ನಾನೂ ಹೋದೆ. ಕೆರೆಯಲ್ಲಿ ಮಾಸ್ತರರು ಎಲ್ಲರಿಗಿಂತ ಮೊದಲು ಹಾರಿ, ಎಲ್ಲರಿಗಿಂತ ಕೊನೆಗೆ ಮೇಲೆದ್ದರು. ಕಾಲುವೆಯಲ್ಲಿ ಅಷ್ಟೇ ದೂರವನ್ನು ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದವರು ಇಲ್ಲಿ ಮೂವತ್ತು ನಿಮಿಷ ತೆಗೆದುಕೊಂಡರು. ದಡದಲ್ಲಿ ಏದುಸಿರು ಬಿಡುತ್ತ, “ಆಚಾರ್ರ, ಈ ನೀರು ಮುಂದಕ್ಕ ಒಯ್ಯಂಗಿಲ್ರಿ!” ಎಂದರು. ಅಷ್ಟು ದಿನವೂ ಅರ್ಧ ಈಜಿದ್ದು ಕಾಲುವೆಯೇ ಎಂದು ಪಾಪ ಅವರಿಗೆ ಅಂದೇ ತಿಳಿದದ್ದು.

ಕಳೆದುಕೊಂಡ ಹೊತ್ತನ್ನು ಸೈಕಲ್ಲಿನಲ್ಲಿ ಸ್ವಲ್ಪ ಮರಳಿ ಪಡೆದರು. ಓಟದಲ್ಲಿ ನಾಲ್ಕನೇ ಕಿಲೋಮೀಟರಿಗೆ ಮೊಣಕಾಲು ಕಟಕ್ಕೆಂದು ಸಿಕ್ಕಿಕೊಂಡಿತು. ಕಲ್ಲಿನ ಮೇಲೆ ಕೂತು, ಎರಡೂ ಕೈಯಿಂದ ಕಾಲು ನೀವಿ ನೀವಿ ಬಿಡಿಸಿಕೊಂಡರು. ಅಲ್ಲಿಂದ ಮುಂದೆ ಇಳಿಜಾರು. ಮಾಸ್ತರರು ತಿರುಗಿ ನಿಂತು, ಬೆನ್ನು ಮುಂದಾಗಿ ಇಳಿಯತೊಡಗಿದರು. ಕುರಿ ಕಾಯುತ್ತಿದ್ದ ಮುದುಕಿಯೊಬ್ಬಳು, “ಏನಾರ ಕಳಕೊಂಡೀರೇನ್ರಿ, ಹಿಂದ ನೋಡ್ಕೊಂತ ಹೊಂಟೀರಿ?” ಎಂದು ಕೇಳಿದಳಂತೆ. ಸಮಯ ಮುಗಿಯಲು ಎರಡೇ ನಿಮಿಷ ಇರುವಾಗ ಬೆನ್ನು ಮುಂದಾಗಿಯೇ ಗೆರೆ ದಾಟಿದರು. ಹಾರ ಹಿಡಿದು ನಿಂತಿದ್ದ ಸಾಹೇಬರು ಅವರ ಮುಖ ಹುಡುಕಿಕೊಂಡು ಸುತ್ತು ಬರಬೇಕಾಯಿತು. ನಕ್ಕೆವು. ಆದರೆ ಹತ್ತಿರ ಹೋಗಿ ನೋಡಿದರೆ ಆ ಮೊಣಕಾಲು ಬಾತು ನಡುಗುತ್ತಿತ್ತು.

ಸಾಹೇಬರು ಮೈಕ್ ಹಿಡಿದರು. “ನೋಡ್ರಪ್ಪ, ಇಷ್ಟು ನೋವಿದ್ರೂ ಎರಡು ತಾಸಿನ್ಯಾಗ ಮುಗಿಸ್ಯಾರ. ಇಂಥವ್ರನ್ನ ಸಾಲಿಗೆ ಕಳಿಸಿ, ದಿನವೆಲ್ಲ ನಿಲ್ಲಿಸಿ, ಇನ್ನೂ ನೋವು ಕೊಡ್ಲೇನು? ನಿವೃತ್ತಿ ತನಕ ಇವ್ರು ನನ್ನ ಕಚೇರಿಯಾಗ ಆರಾಮ ಕೂತಿರ್ಲಿ!”

ಜನ ಚಪ್ಪಾಳೆ ತಟ್ಟಿದರು. ಕೊರಳಲ್ಲಿ ಹಾರ, ಪದಕ ಹಾಕಿಕೊಂಡು ಮಾಸ್ತರರು ನನ್ನ ಕಡೆ ನೋಡಿದರು. ಮರುದಿನ ಪೇಪರಿನಲ್ಲಿ ನೋವು ಗೆದ್ದ ಶಿಕ್ಷಕ ಎಂದು ಫೋಟೋ ಬಂತು. ಚನ್ನವೀರಮ್ಮ ಅದನ್ನು ಅಂಗಡಿಯ ಗೋಡೆಗೆ ಅಂಟಿಸಿದರು.

ಅದಾದ ಹದಿನೈದನೇ ದಿನಕ್ಕೆ ಮೊದಲನೇ ಅರ್ಜಿ ಬಂತು. ಮರಿಬಸಪ್ಪ ಎಂಬ ಶಿಕ್ಷಕರು ಕಾಲುನೋವೆಂದು ಇಲಾಖೆಯನ್ನು ನಂಬಿಸಿ ಪಂದ್ಯಗಳಲ್ಲಿ ಓಡುತ್ತಿರುತ್ತಾರೆ, ಇಂಥವರನ್ನು ಕೂಡಲೇ ಹಚ್ಚೊಳ್ಳಿಗೆ ಹಿಂದಿರುಗಿಸಿ ತಕ್ಕ ಶಾಸ್ತಿ ಮಾಡಬೇಕು, ಇತಿ ನೊಂದ ಸಾರ್ವಜನಿಕ. ಎಡಕ್ಕೆ ಮಡಿಕೆ ಹೊಡೆದು ಬಿಟ್ಟ ಅಂಚು, ಬಲಕ್ಕೆ ದಿನಾಂಕ, ಕರಿಹಲಗೆಯ ಮೇಲೆ ಬರೆದಂಥ ದುಂಡನೆ ಅಕ್ಷರ. ಪಕ್ಕದ ಮೇಜಿನ ಕಡೆ ನೋಡಿದೆ. ಮಾಸ್ತರರು ಪೆನ್ನಿನ ಮುಚ್ಚಳ ಕಚ್ಚುತ್ತ ಕೂತಿದ್ದರು.

“ಮಾಸ್ತರ, ಒಂದು ತಪ್ಪಿಲ್ಲ ನೋಡ್ರಿ. ಮೂಗರ್ಜಿ ಅಂದ ಮ್ಯಾಲೆ ನಾಕು ಬೈಗಳಾರ ಇರಬೇಕಲ್ರಿ” ಎಂದೆ.

ಅವರ ಮುಖ ಕೆಂಪಾಯಿತು. ಸಾಹೇಬರು ಓದಿ ಕೆಂಡವಾದರು. “ಹೊಟ್ಟಿಕಿಚ್ಚಿನ ಮಂದಿ! ಒಬ್ಬ ಮುಂದ ಬಂದ್ರ ಸಾಕು, ಕಾಲು ಜಗ್ತಾರ. ಸಹಿ ಇಲ್ಲದ ಅರ್ಜಿಗೆ ಕ್ರಮ ಇಲ್ಲ. ಇಡ್ರಿ ಫೈಲಿನ್ಯಾಗ.”

ಅಲ್ಲಿಗೆ ಮಾಸ್ತರರು ಕೈಚೆಲ್ಲಿದರು. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ನಿಂತು, ಹನ್ನೊಂದು ನಿಮಿಷಕ್ಕೆ ಮೇಲೆ ಬರುತ್ತಿದ್ದರು. ಸೈಕಲ್ಲನ್ನು ಮೂಲೆಗೆ ನಿಲ್ಲಿಸಿದರು. ಒಂದು ದಿನ, “ಹಚ್ಚೊಳ್ಳಿ ಕಾಲುವಿಗೆ ನೀರು ಬಿಟ್ಟಾರಂತ್ರಿ” ಎಂದರು.

ಎರಡನೇ ಅರ್ಜಿ ಬಂದದ್ದು ಅದೇ ವಾರ. ಅಂಚಿಲ್ಲ, ದಿನಾಂಕವಿಲ್ಲ, ಅಕ್ಷರ ಅಂಕುಡೊಂಕು.

“ಸಾಹೇಬರಿಗೆ ನಮಸ್ಕಾರ. ನಮ್ಮ ಮನೆಯವರ ಮೇಲೆ ದೂರು ಕೊಡುತ್ತಿದ್ದೇನೆ. ಅವರು ತಮಗೆ ಬೇಕಾದ್ದನ್ನು ಬಾಯಿ ಬಿಟ್ಟು ಕೇಳುವುದಿಲ್ಲ. ಹಚ್ಚೊಳ್ಳಿಯಲ್ಲಿ ಇವರ ಕಾಲು ನೆಟ್ಟಗಿತ್ತು. ಇಲ್ಲಿ ಮುಂಜಾನೆ ಎದ್ದು ಗೋಡೆ ಹಿಡಿದು ನಡೆಯುತ್ತಾರೆ. ನಾನು ನೋಡಿದರೆ ಗೋಡೆ ಬಿಡುತ್ತಾರೆ. ತಮ್ಮ ಮೇಲೆ ತಾವೇ ಅರ್ಜಿ ಬರೆದುಕೊಂಡಿದ್ದಾರೆ, ಅದರ ಕಚ್ಚಾ ಪ್ರತಿ ನನ್ನ ಬ್ಲೌಸಿನ ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿದೆ. ಬಳ್ಳಾರಿ ಬಳ್ಳಾರಿ ಎಂದು ನಾನು ಜೀವ ತಿಂದದ್ದಕ್ಕೆ ನನಗೆ ಹೆದರಿದ್ದಾರೆ. ಇವರನ್ನು ಹಚ್ಚೊಳ್ಳಿಗೆ ಹಾಕಿ. ಮಷೀನು ಎಲ್ಲಿಟ್ಟರೂ ಹೊಲಿಯುತ್ತದೆ. ನಾನು ಬರೆದೆ ಎಂದು ಇವರಿಗೆ ಗೊತ್ತಾಗಬಾರದು.”

ಕೆಳಗೆ ಸಹಿ. ಪೂರ್ತಿ ಹೆಸರು, ಗಂಡನ ಹೆಸರು, ಮನೆ ನಂಬರು, ಫೋನ್ ನಂಬರು.

ನನ್ನ ಕಣ್ಣು ಮಂಜಾಯಿತು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಸಾಹೇಬರೂ ಎರಡು ಸಲ ಓದಿದರು. ಸಹಿಯ ಮೇಲೆ ಬೆರಳಿಟ್ಟು, “ಸಹಿ ಐತಲ್ಲ. ಇದಕ್ಕ ಕ್ರಮ ತಗೊಳ್ಳೇಬೇಕು” ಎಂದರು. ಹಚ್ಚೊಳ್ಳಿಯ ಜಾಗ ಖಾಲಿಯೇ ಇತ್ತು. ಎರಡು ವರ್ಷ ಹಿಡಿಯುವ ಆದೇಶ ಎರಡು ದಿನದಲ್ಲಿ ಹೊರಟಿತು.

ಮಾಸ್ತರರು ಆದೇಶ ಓದಿ, ಸುತ್ತ ನೋಡಿ, ನನ್ನ ಕಿವಿಯಲ್ಲಿ, “ಆಚಾರ್ರ, ನನ್ನ ಮೂಗರ್ಜಿ ಕೆಲಸ ಮಾಡೇಬಿಟ್ಟಿತಲ್ರಿ!” ಎಂದರು. ಮನೆಗೆ ಹೋಗುವಾಗ ಮೆಟ್ಟಿಲ ಮೇಲೆ ನಿಂತು ಮುಖ ಸಪ್ಪೆ ಮಾಡಿಕೊಂಡರು, ಸರಿಯಾಗಿದೆಯೇ ಎಂದು ನನಗೆ ತೋರಿಸಿದರು.

ಮರುದಿನ ಬಂದಾಗ ನಿಜವಾಗಿಯೇ ಮುಖ ಸಪ್ಪಗಿತ್ತು. “ಒಂದು ತಾಸು ಬೈದ್ಲುರಿ. ಅತ್ಲು. ‘ಯಾವ ಹಾಳಾದವ್ರು ನಿಮ್ಮ ಮ್ಯಾಲೆ ಅರ್ಜಿ ಹಾಕಿದ್ರು, ಅವ್ರ ಕೈ ಸೇದಿ ಹೋಗ್ಲಿ’ ಅಂದ್ಲು. ಅಳಕೊಂತನ ಬೋರ್ಡು ಇಳಿಸಿದ್ಲು. ಪಾಪ, ಆಕಿಗೆ ನಾನು ಮೋಸ ಮಾಡಿದೆ ಅನ್ನಿಸಾಕತ್ತೈತಿ. ಅರ್ಜಿ ಹಾಕಿದವ್ರು ಯಾರು ಅಂತ ಹೇಳಿಬಿಡ್ಲೇನ್ರಿ ಆಚಾರ್ರ?”

ಚನ್ನವೀರಮ್ಮನವರ ಅರ್ಜಿ ನನ್ನ ಮೇಜಿನ ಖಾನೆಯಲ್ಲೇ ಇತ್ತು. ಕೈ ಚಾಚಿದರೆ ಸಿಗುತ್ತಿತ್ತು. ದೂರು ಕೊಟ್ಟವರ ಹೆಸರು ಗುಟ್ಟಾಗಿಡಬೇಕು ಎಂದು ನಮ್ಮಲ್ಲೊಂದು ನಿಯಮವಿದೆ. ನನ್ನ ಇಡೀ ನೌಕರಿಯಲ್ಲಿ ನಾನು ಅದನ್ನು ಪಾಲಿಸಿದ್ದು ಅದೊಂದೇ ಸಲ.