ಫ್ಲೋಟಿಗೆ ನಾನು ಹಾಕಿದ ಬೆಸುಗೆ

ಆ ಹಳೆಯ ಕಾರಿನ ಕಾರ್ಬ್ಯುರೇಟರ್ ಸೋರಿದ್ದು ನನ್ನಿಂದ, ಅಣ್ಣಾ. ನಿನ್ನ ಕೈಯಿಂದಲ್ಲ.

ಗಜೇಂದ್ರಗಡದ ನಮ್ಮ ಗ್ಯಾರೇಜಿನಲ್ಲಿ ಬಿಚ್ಚಿ ತೊಳೆಯುವುದು ನನ್ನ ಕೆಲಸ, ಕೂಡಿಸುವುದು ನಿನ್ನದು. ತೊಳೆಯುವಾಗ ಫ್ಲೋಟ್ ಕೈಜಾರಿ ಕಲ್ಲಿನ ಮೇಲೆ ಬಿತ್ತು — ಪೆಟ್ರೋಲಿನ ಮೇಲೆ ತೇಲುತ್ತ, ಕಾರ್ಬ್ಯುರೇಟರಿನ ಬಟ್ಟಲು ತುಂಬಿದೊಡನೆ ಸೂಜಿಯನ್ನು ಒತ್ತಿ ದಾರಿ ಮುಚ್ಚುವ ಆ ಹಿತ್ತಾಳೆಯ ಡಬ್ಬಿ. ಸೀಳು ಬಿಟ್ಟಿತ್ತು. ನೀನು ಬೈಯುತ್ತೀ ಎಂದು... ಅಷ್ಟೇ, ಬೈಯುತ್ತೀ ಎಂದು, ದಪ್ಪಗೆ ಬೆಸುಗೆ ಹಾಕಿ ಮಸಿ ಬಳಿದಿಟ್ಟೆ. ಬೆಸುಗೆಯ ಭಾರಕ್ಕೆ ಅದು ಮೇಲೇಳಲಿಲ್ಲ. ಬಟ್ಟಲು ತುಂಬಿ ಹೊರಚೆಲ್ಲಿತು.

ನೀನು ಎಂದಿನಂತೆ ಸಂದುಸಂದಿಗೆ ಒಣ ವಿಭೂತಿ ಉದುರಿಸಿದೆ — ಎಲ್ಲಿ ನೆನೆಯುತ್ತದೋ ಅಲ್ಲಿ ಸೋರಿಕೆ. ಮುಚ್ಚಳದ ಅಂಚು ನೆನೆಯಿತು. ಪ್ಯಾಕಿಂಗ್ ಬದಲಿಸಿದೆ. ಮತ್ತೆ ನೆನೆಯಿತು. ಮುಚ್ಚಳವನ್ನು ಗಾಜಿನ ಮೇಲೆ ತಿಕ್ಕಿ ಸಮ ಮಾಡಿದೆ. ಮತ್ತೆ! ಹೊಸ ಸೂಜಿ ಹಾಕಿದೆ — ಮತ್ತೆ!

"ಇದರ ಮನಿ ಹಾಳಾಗ್ಲಿ!" ಎಂದು ನೀನು ಪಾನಾ ಎಸೆದೆ. ಕಾರಿನ ಒಡೆಯ, ರೋಣದ ಸಾಹುಕಾರ, ಕೂತಲ್ಲಿಂದಲೇ ನಕ್ಕ: "ಏನ್ರಿ ಮಿಸ್ತ್ರಿ, ಕಾರಿಗೆ ಲಿಂಗದೀಕ್ಷಾ ಕೊಡಾಕತ್ತೀರೇನ್ರಿ? ಮೊದಲ ಪೆಟ್ರೋಲ್ ನಿಲ್ಲಸ್ರಿ!"

ನೀನು ಫ್ಲೋಟನ್ನು ಕಿವಿಗೆ ಹಿಡಿದು ಅಲುಗಿಸಿದೆ. ಒಳಗೆ ಪೆಟ್ರೋಲಿನ ಸದ್ದಿಲ್ಲ. ಆದರೂ ಅಂಗೈಯಲ್ಲಿಟ್ಟು ತೂಗಿದೆ.

"ಇದ್ಯಾಕೋ ವಜ್ಜಾ ಹತ್ತಾಕತ್ತೈತಲ್ಲೋ ತಮ್ಮಾ. ಎಲ್ಲೆರ ಬಿದ್ದಿತ್ತೇನು?"

"ಇಲ್ಲ ಅಣ್ಣಾ. ನಿನಗ ಹಂಗ ಅನಸ್ತೈತಿ."

ಬೀಳಿಸಿದ್ದಕ್ಕೆ ಕ್ಷಮೆ ಕೇಳಬಹುದು. ಸರಿಯಾಗಿಯೇ ತೂಗಿದ ಕೈಯನ್ನು ಸುಳ್ಳು ಮಾಡಿದ್ದಕ್ಕೆ —

ಸಾಹುಕಾರ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿಸಿ ನರಗುಂದಕ್ಕೆ ಒಯ್ದ. ಅಲ್ಲಿ ಬೇರೆ ಫ್ಲೋಟ್ ಹಾಕಿದೊಡನೆ ಸೋರುವುದು ನಿಂತಿತು. ಸುದ್ದಿ ನನಗೆ ಮುಟ್ಟಿತು. ನಿನಗೆ ಮಾತ್ರ 'ಕಾರು ಸರಿಯಾಯಿತಂತೆ' ಎಂದಷ್ಟೇ ಹೇಳಿದೆ. ತಪ್ಪು ನಿನ್ನ ಕೈಯದೇ ಎಂದುಕೊಂಡು ನೀನು ಗ್ಯಾರೇಜನ್ನು ನನಗೆ ಬಿಟ್ಟು ರಾಜೂರಿನ ಹೊಲಕ್ಕೆ ಹೋದೆ. ಇಷ್ಟು ವರ್ಷ ನಾನು ಅದರಲ್ಲೇ ಉಣ್ಣುತ್ತಿದ್ದೇನೆ.

ಹೋದ ವಾರ ನೀನು ಬಂದಾಗ ನಾನೊಂದು ಕಾರ್ಬ್ಯುರೇಟರ್ ಮುಂದಿಟ್ಟೆ. ನೀನು ಮುಟ್ಟಲೇ ಇಲ್ಲ. "ನೀನ ಮಾಡಪಾ. ನನ್ನ ಕೈ ಈಗ ನಂಬಂಗಿಲ್ಲ" ಎಂದುಬಿಟ್ಟೆ. ಆಗಲೂ ನಾನು ಹೇಳಲಿಲ್ಲ! ಎಂಥ ಬಾಯಿ ಇದು — ದಿನವಿಡೀ ಗಿರಾಕಿಗಳ ಜೊತೆ ಜಗಳಾಡುತ್ತದೆ, ಇದೊಂದು ಮಾತಿಗೆ...

ನಾಳೆ ರಾಜೂರಿಗೆ ಬರುತ್ತೇನೆ. ವೈನಿ ಚಹಾಕ್ಕೆ ಇಡುವ ಮೊದಲು, ನೀನು "ಬಾ, ಕೂಡು" ಎನ್ನುವ ಮೊದಲು, ಅಂಗಳದಲ್ಲೇ ನಿಂತು ಹೇಳುತ್ತೇನೆ. ಆಮೇಲೆ ನನ್ನನ್ನು ಒಳಗೆ ಕರೆಯುವುದೋ ಬಿಡುವುದೋ, ನಿನಗೆ ಸೇರಿದ್ದು.