ಪ್ರವೀತನ ಟ್ರಯಲ್

ಸೀತಾಂಗೋಳಿಯ ಮೆಕ್ಯಾನಿಕ್ ಪ್ರವೀತನಿಗೆ ಬೈಕಿನ ಬಿಗಿಯಾದ ಆಕ್ಸಿಲರೇಟರ್ ಸಡಿಲಿಸಲು ಕೇಬಲ್ಲಿಗೆ ನಾಲ್ಕು ಹನಿ ಎಣ್ಣೆ ಸಾಕು. ಆದರೆ "ಒಂದು ಟ್ರಯಲ್ ನೋಡಿ ಬರ್ತೇನೆ ಮಾರಾಯ" ಎಂದು ನಮ್ಮ ಬೈಕಿನಲ್ಲಿ ಹೊರಟನೆಂದರೆ ಅಕ್ಕಿ ಮಿಲ್ಲು, ಅತ್ತೆಮನೆ, ಯಾರದೋ ನಿಶ್ಚಿತಾರ್ಥದ ಊಟ ಎಲ್ಲ ಮುಗಿಸಿ, ಶಿರಿಯದ ಕಡಲತೀರದಿಂದ ಹ್ಯಾಂಡಲಿಗೆ ಬಂಗುಡೆ ಮೀನು ತೂಗಿಸಿಕೊಂಡೇ ಬರುವುದು. ಬೈದರೆ, "ಎಂತ ಮಾಡುದು? ಗುಡ್ಡೆ ಹತ್ತಿಸದೆ ಗೊತ್ತಾಗುದುಂಟಾ?" ಎನ್ನುತ್ತಾನೆ. ನಾವೀಗ ಬೈಕಿನೊಂದಿಗೆ ಚೀಲವನ್ನೂ ಕೊಡುತ್ತೇವೆ. ಮೊನ್ನೆ ಹರಿಣಾಕ್ಷಕ್ಕ ತೀರಿಹೋದ ಗಂಡನ ಬೈಕನ್ನು, ಮಾರುವ ಮೊದಲು ಸರಿಮಾಡಿಸಲೆಂದು ತಳ್ಳಿಕೊಂಡು ತಂದರು. ಗಂಡನೇ ಓಡಿಸಲು ಕಲಿಸಿದ್ದರೂ ಅವರು ಹೋದ ಮೇಲೆ ಅಕ್ಕ ಅದನ್ನು ಮುಟ್ಟಿರಲಿಲ್ಲ. ಪ್ರವೀತ ಎಣ್ಣೆ ಬಿಟ್ಟು ಕೀಯನ್ನು ಅವರ ಕೈಗೇ ಕೊಟ್ಟ: "ಇದರ ಟ್ರಯಲ್ ನೀವೇ ನೋಡಿ ಅಕ್ಕ." ಅಕ್ಕ ಮರಳಿದ್ದು ಸಂಜೆಗೆ, ಹ್ಯಾಂಡಲಿನಲ್ಲಿ ಬಂಗುಡೆ ತೂಗಿಸಿಕೊಂಡು. "ಮಾರುದು ಮತ್ತೆ ನೋಡುವ," ಎಂದರು, "ನಾಳೆ ಗುಡ್ಡೆ ಹತ್ತಿಸಿ ನೋಡ್ಲಿಕ್ಕುಂಟು."