ಹಸುವಿನ ಬಾಯಿಗೆ ಹಾಕಿದ ಕೈ

ನನ್ನ ಮದುವೆಯಲ್ಲಿ ತವರಿನವರು ಕೊಟ್ಟ ಹಸು ಅದು. ಸೊರಬದಿಂದ ತಾಳಗುಂದದ ಹತ್ತಿರದ ನನ್ನ ಗಂಡನ ಮನೆಗೆ ಗಾಡಿಯ ಹಿಂದೆ ಕಟ್ಟಿಸಿಕೊಂಡು ನನ್ನ ಜೊತೆಗೇ ಬಂದಿತ್ತು. ಚೊಚ್ಚಲ ಗಬ್ಬ. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ, ಹಾಗಾಗಿ ನನಗೆ ಅದರ ಮೇಲೆ ಪ್ರೀತಿಯ ಜೊತೆ ಸ್ವಲ್ಪ ಜಂಬವೂ ಇತ್ತು. ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಒಂದು ಬೇಸಿಗೆಯ ಕೊನೆಯಲ್ಲಿ ಅದು ಮೇವು ಬಿಟ್ಟಿತು.

ಬಾಯಿಂದ ಜೊಲ್ಲು ಇಳಿಯುತ್ತಿತ್ತು. ನೀರಿಟ್ಟರೆ ಮೂತಿ ಅದ್ದುತ್ತಿತ್ತು, ನುಂಗುತ್ತಿರಲಿಲ್ಲ. ಕೂಗಿದರೆ ಗಂಟಲು ಒಡೆದ ದನಿ. ನೋಡಿದವರೆಲ್ಲ ಒಂದೇ ಮಾತು ಹೇಳಿದರು: ಗಂಟಲಲ್ಲಿ ಮಾವಿನ ಗೊರಟೆ ಸಿಕ್ಕಿಕೊಂಡಿದೆ. ಮಾವಿನ ಕಾಲ, ದನಗಳು ತೋಪಿನಲ್ಲಿ ಬಿದ್ದದ್ದನ್ನೆಲ್ಲ ತಿನ್ನುತ್ತಿದ್ದವು. ನಮ್ಮ ಕಡೆ ಹಾಗಾದರೆ ಮಾಡುತ್ತಿದ್ದುದೂ ಒಂದೇ. ಒಬ್ಬರು ದವಡೆ ಅಗಲಿಸಿ ಹಿಡಿಯುವುದು, ಇನ್ನೊಬ್ಬರು ತೋಳಿನವರೆಗೆ ಕೈ ಹಾಕಿ ಸಿಕ್ಕಿದ್ದನ್ನು ಕಿತ್ತು ತೆಗೆಯುವುದು.

ನಾನು ಅತ್ತು ಕರೆದು ರಂಪ ಮಾಡಿದೆ. ನನ್ನ ಗಂಡ ಹೊಲದಿಂದ ಬಂದವರು ಕಾಲನ್ನೂ ತೊಳೆಯದೆ ಕೊಟ್ಟಿಗೆಗೆ ನಡೆದರು. ದವಡೆ ಹಿಡಿದವಳು ನಾನು. ಅವರು ಮೊಣಕೈವರೆಗೆ ಕೈ ಹಾಕಿ ತಡಕಾಡಿದರು. ಏನೂ ಸಿಗಲಿಲ್ಲ. ಕೈ ಹೊರಗೆ ತೆಗೆಯುವಾಗ ದವಡೆಹಲ್ಲು ತರಚಿ ರಕ್ತ ಬಂತು. ಅರಿಶಿನ ಒತ್ತಿದೆ, ಅಷ್ಟೇ. ಎರಡು ದಿನಕ್ಕೆ ಹಸು ಕಾಲು ಮಡಿಸಿ ಬಿತ್ತು, ಮತ್ತೆ ಏಳಲಿಲ್ಲ. ಹೊಲದ ಅಂಚಿನಲ್ಲಿ ಗುಂಡಿ ತೋಡಿ ಹೊಟ್ಟೆಯ ಕರುವಿನ ಸಮೇತ ಮಣ್ಣು ಮಾಡಿದರು.

ಸುದ್ದಿ ಹೇಳಲು ನಾನು ಸೊರಬಕ್ಕೆ ಹೋದೆ. ಅಮ್ಮನ ಮಡಿಲಲ್ಲಿ ಅತ್ತು ಮುಗಿದ ಮೇಲೆ ಅವಳೇ ಅಂದಳು, "ಶಾಲೆ ಹತ್ರ ಆರೋಗ್ಯದೋರ ಜೀಪು ಬಂದೈತಂತೆ, ಚಿತ್ರ ತೋರಿಸ್ತಾರಂತೆ. ಬಾ, ಮನಸ್ಸಿಗೆ ಒಂಚೂರು ಹಗುರಾಗತ್ತೆ." ಹಗುರ! ಆ ಪುಣ್ಯಾತ್ಗಿತ್ತಿಯ ಬಾಯಿಂದ ಎಂಥ ಮಾತು ಬಂತೋ ಶಿವನೇ.

ಹಗಲು ಹೊತ್ತು. ಕೋಣೆ ಕತ್ತಲಾಗಲೆಂದು ಶಾಲೆಯ ಕಿಟಕಿಗಳಿಗೆ ಕಂಬಳಿ ಹೊದಿಸಿದ್ದರು. ಪರದೆ ಅಂದರೆ ಯಾರದೋ ಬಿಳಿ ಪಂಚೆ. ಭಾಷಣಕ್ಕೆ ಬಂದಿದ್ದವರು ಒಬ್ಬ ಸಣಕಲು ಮನುಷ್ಯ, ಕೈಯಲ್ಲಿ ಬೆತ್ತ. ಒಳಗೆ ಬೆವರಿನ ವಾಸನೆ, ಹಿಂದೆ ಹೆಂಗಸರ ಕಿಸಿಕಿಸಿ. ಮೊದಲು ಸೊಳ್ಳೆಯ ಚಿತ್ರ ಬಂತು, ಆಮೇಲೆ ಬಾವಿಕಟ್ಟೆಯ ಚಿತ್ರ, ಆಮೇಲೆ ಹುಚ್ಚುನಾಯಿ. ನಾಯಿ ಕಚ್ಚಿದರೆ ಸೋಪು ಹಾಕಿ ತೊಳೆಯಿರಿ, ಆಸ್ಪತ್ರೆಗೆ ಹೋಗಿ ಅಂದರು. ಅದು ಎಲ್ಲರಿಗೂ ಅಷ್ಟಿಷ್ಟು ಗೊತ್ತಿದ್ದದ್ದೇ, ಯಾರೂ ಗಮನ ಕೊಡಲಿಲ್ಲ. ಮುಂದಿನ ಚಿತ್ರ ಒಂದು ಹಸು. ಬಾಯಿಂದ ಜೊಲ್ಲು.

"ಹುಚ್ಚುನಾಯಿ ದನಕ್ಕೂ ಕಚ್ಚುತ್ತೆ. ಆಗ ದನದ ಗಂಟಲು ನಿಂತುಹೋಗುತ್ತೆ, ನುಂಗೋಕಾಗಲ್ಲ. ನೀವು ಏನೋ ಸಿಕ್ಕಿಕೊಂಡಿದೆ ಅಂತ ಬಾಯಿಗೆ ಕೈ ಹಾಕ್ತೀರಿ. ದಯವಿಟ್ಟು ಹಾಕಬೇಡಿ," ಅಂದರು ಅವರು, ಬೆತ್ತದ ತುದಿಯನ್ನು ಹಸುವಿನ ಬಾಯಿಯ ಮೇಲಿಟ್ಟು.

ಗಂಡಸರು ತುಂಬಿದ ಸಭೆಯಲ್ಲಿ ಹೆಂಗಸು ಎದ್ದು ನಿಂತು ಮಾತಾಡುವ ಕಾಲ ಅಲ್ಲ ಅದು. ಎದ್ದು ನಿಂತೆ. ಅಮ್ಮ ಸೆರಗು ಹಿಡಿದು ಜಗ್ಗಿದಳು, ಕೊಡವಿಕೊಂಡೆ.

"ಸ್ವಾಮಿ, ಹಸ ಕಚ್ಚಲೇ ಇಲ್ಲ. ಬರೀ ಹಲ್ಲು ತರಚಿತು. ಏನಾಗ್ತದೆ?"

"ಕಚ್ಚಲೇಬೇಕು ಅಂತಿಲ್ಲ ತಾಯಿ. ಗಾಯಕ್ಕೆ ಜೊಲ್ಲು ತಾಗಿದರೂ ಸಾಕು." ಅವರು ಮುಂದೆ ಹೇಳುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. "ಯಾರು ಕೈ ಹಾಕಿದ್ದು?"

"ನಮ್ಮ ಮನೆಯೋರು."

"ಹಸು?"

"ಸತ್ತುಹೋಯ್ತು."

"ಈಗಲೇ ಹೊರಡಮ್ಮಾ," ಅಂದರು ಅವರು. "ಅವರನ್ನ ಕರಕೊಂಡು ಶಿಕಾರಿಪುರದ ಆಸ್ಪತ್ರೆಗೆ ಹೋಗು. ಇನ್ನೂ ಹೊತ್ತು ಮೀರಿರಲಿಕ್ಕಿಲ್ಲ."

ಇರಲಿಕ್ಕಿಲ್ಲ ಅಂದರೇನು? ಮೀರಿಲ್ಲ ಅಂತ ಬಾಯಿಬಿಟ್ಟು ಹೇಳಲು ಆ ಮನುಷ್ಯನಿಗೆ ಏನಾಗಿತ್ತು? ಬಸ್ಸಿನ ದಾರಿಯುದ್ದಕ್ಕೂ ಅವರನ್ನು ಮನಸ್ಸಿನಲ್ಲೇ ಬೈದೆ. ಪಾಪ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು. ನನ್ನ ಭಯಕ್ಕೆ ಬೈಯಲು ಒಬ್ಬರು ಬೇಕಿತ್ತು.

ಮನೆಗೆ ಬಂದು ಎಲ್ಲ ಹೇಳಿದೆ. ನನ್ನ ಗಂಡ ಜಗಲಿಯ ಮೇಲೆ ಕೂತು ಬಾರುಕೋಲಿಗೆ ಚರ್ಮದ ಮಿಣಿ ಕಟ್ಟುತ್ತಿದ್ದರು. ತಲೆ ಎತ್ತದೆ ನಕ್ಕರು.

"ನಾಯಿ ಕಚ್ಚಿಲ್ಲ, ನರಿ ಕಚ್ಚಿಲ್ಲ. ಬಿತ್ತನೆ ಬಿಟ್ಟು ಹೊಟ್ಟಿಗೆ ಸೂಜಿ ಚುಚ್ಚಿಸ್ಕೊಳ್ಳಾಕೆ ನನಗೇನು ತಲಿ ಕೆಟ್ಟೈತಾ?"

"ಕೆಡಬಾರ್ದು ಅಂತ್ಲೇ ಬಡ್ಕೋತಿದೀನಿ ಕಣ್ರೀ! ನಿಮ್ಮ ಕಾಲಿಗೆ ಬೀಳ್ತೀನಿ, ಹೊರಡ್ರಿ."

"ಜೀಪಿನೋರು ಹೇಳಿದ್ದೆಲ್ಲ ಖರೇನಾ? ನಿನಗೆ ಯಾರು ಏನು ಹೇಳಿದ್ರೂ ಅಷ್ಟೇ."

ನನಗೆ ಸಿಟ್ಟು ನೆತ್ತಿಗೇರಿತು. ನೀವು ಹೊರಡುವ ತನಕ ಒಲೆ ಹಚ್ಚುವುದಿಲ್ಲ ಅಂತ ಅಡುಗೆಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟೆ. ಅವರೂ ಹಟಮಾರಿ, ಮಿಣಿ ಕಟ್ಟುತ್ತಲೇ ಇದ್ದರು. ಆಗ ಒಳಗಿನಿಂದ ಅತ್ತೆ ಬಂದರು. ಸೂಜಿ ಔಷಧ ಅಂದರೆ ಮಾರು ದೂರ ಓಡುವ ಹೆಂಗಸು. ನನ್ನನ್ನೇ ಗದರಿಸುತ್ತಾರೆ ಅಂದುಕೊಂಡೆ. ಅವರು ಮಗನ ಕೈ ಹಿಡಿದು ಬೆಳಕಿಗೆ ತಿರುಗಿಸಿ, ಒಣಗುತ್ತಿದ್ದ ಗಾಯವನ್ನು ಬಹಳ ಹೊತ್ತು ನೋಡಿದರು.

"ಅಕಿ ಹೇಳಿದ್ದು ಸುಳ್ಳಾದ್ರೆ ನಿನಗೆ ನಾಕು ದಿನ ಹೊಟ್ಟಿ ನೋಯ್ತೈತಿ, ಅಷ್ಟೇ," ಅಂದರು. "ಖರೆ ಆದ್ರೆ ನಾ ಏನು ಮಾಡ್ಲೋ ಮಗಾ?"

ನನ್ನ ಗಂಡ ಬಾರುಕೋಲು ಕೆಳಗಿಟ್ಟರು.

ಶಿಕಾರಿಪುರದ ಡಾಕ್ಟರು ಎಲ್ಲ ಕೇಳಿಕೊಂಡರು. ದನ ಮೇಯುವ ಕೆರೆ ಏರಿಯ ಕಡೆ ಯಾವುದಾದರೂ ನಾಯಿ ದನದ ಮೇಲೆ ಬಿದ್ದಿತ್ತೇ ಅಂತ ಕೇಳಿದಾಗ ನನ್ನ ಗಂಡನ ಮುಖ ಕಪ್ಪಿಟ್ಟಿತು. ಬಿದ್ದಿತ್ತಂತೆ. ಹೋಳಿಯ ಆಚೀಚೆ. ಓಡಿಸಿ ಮರೆತಿದ್ದರಂತೆ. ಹೊಕ್ಕುಳ ಸುತ್ತ ದಿನಕ್ಕೊಂದರಂತೆ ಹದಿನಾಲ್ಕು ಇಂಜೆಕ್ಷನ್ ಅಂದರು ಡಾಕ್ಟರು. ತಡವಾಗಿದೆ, ಆದರೂ ಕೊಡೋಣ, ಕಾಯೋಣ ಅಂದರು. ಎಷ್ಟು ಕಾಯಬೇಕು ಅಂದೆ. ಕೆಲವರಿಗೆ ತಿಂಗಳುಗಟ್ಟಲೆ ಬಿಟ್ಟೂ ಬರುತ್ತದೆ, ಬಂದ ಮೇಲೆ ನೀರು ನುಂಗಲು ಆಗುವುದಿಲ್ಲ, ಆಮೇಲೆ ನಮ್ಮ ಕೈಯಲ್ಲಿ ಏನೂ ಇಲ್ಲ ಅಂದರು.

"ಬಾಯಿ ಹತ್ತಿರ ಇನ್ಯಾರು ಇದ್ದರು?"

ನನ್ನ ಗಂಡ ನನ್ನ ಕಡೆ ತಿರುಗಿದರು. ಆ ನೋಟ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. "ದವಡಿ ಹಿಡಿದಿದ್ದು ಇಕೀನೇ ಸಾಹೇಬ್ರ," ಅಂದರು. ಡಾಕ್ಟರು ನನ್ನ ಕೈ ನೋಡಿದರು. ತರಕಾರಿ ಹೆಚ್ಚುವ, ಹುಲ್ಲು ಕೊಯ್ಯುವ ಕೈ. ಗೀರಿಲ್ಲದ ಬೆರಳೇ ಇರಲಿಲ್ಲ.

ಇಬ್ಬರಿಗೂ ಚುಚ್ಚಿದರು. ನನಗೆ ಪರದೆಯ ಹಿಂದೆ ನರ್ಸಮ್ಮ, ಅವರಿಗೆ ಆಚೆ ಡಾಕ್ಟರು. ಬಿತ್ತನೆಯ ಮಳೆ ಹಿಡಿದಿತ್ತು, ದಿನಾ ಕೆಸರು ತುಳಿದು ಹೋಗಿಬಂದೆವು. ಹೊಟ್ಟೆ ಗಡ್ಡೆ ಕಟ್ಟಿ, ಬಗ್ಗಿ ಕಸ ಗುಡಿಸಲೂ ಆಗುತ್ತಿರಲಿಲ್ಲ. ಊರವರು ನಮ್ಮನ್ನು ಕಂಡರೆ ದಾರಿ ಬಿಟ್ಟು ನಿಲ್ಲುತ್ತಿದ್ದರು. ಯಾರೂ ಏನೂ ಕೇಳುತ್ತಿರಲಿಲ್ಲ. ಆದರೆ ಆ ಮಳೆಗಾಲ ನಮ್ಮೂರಲ್ಲಿ ಜೊಲ್ಲು ಸುರಿಸುವ ದನದ ಬಾಯಿಗೆ ಒಬ್ಬರೂ ಕೈ ಹಾಕಲಿಲ್ಲ.

ಸೂಜಿ ಮುಗಿಯಿತು, ಭಯ ಮುಗಿಯಲಿಲ್ಲ. ಬೆಳಿಗ್ಗೆ ಅವರು ಎದ್ದ ಕೂಡಲೇ ಚೊಂಬು ಹಿಡಿದು ಎದುರಿಗೆ ನಿಲ್ಲುತ್ತಿದ್ದೆ. ನೀರು ಗಂಟಲಿಗಿಳಿದು ಗುಟುಕ್ ಅಂದ ಮೇಲೆಯೇ ನನಗೆ ಉಸಿರು ಬರುತ್ತಿದ್ದುದು. ಬಾಯಾರಿಕೆ ಇಲ್ಲ ಅಂದರೆ ಜೀವ ಹೋದ ಹಾಗಾಗುತ್ತಿತ್ತು. ನನ್ನ ಕೈಯ ಗೀರುಗಳು ನನ್ನ ತಲೆಯಲ್ಲೇ ಇರಲಿಲ್ಲ. ನಾನು ಹೋದರೆ ಹೋಗಲಿ, ನನ್ನ ರಂಪಕ್ಕೆ ಕೈ ಹಾಕಿದವರು ಉಳಿಯಲಿ ಅಂತ ಬೇಡಿಕೊಳ್ಳುತ್ತಿದ್ದೆ.

ಭತ್ತ ಹೊಡೆ ಬಿಚ್ಚಿ ತೆನೆ ಹೊರಬರುವ ಹೊತ್ತಿಗೆ ಅವರಿಗೆ ಜ್ವರ ಬಂತು. ಹೊಲದಿಂದ ನಡುಹಗಲಲ್ಲೇ ಬಂದು ಕಂಬಕ್ಕೆ ಒರಗಿದರು. ನೀರು ಕೊಟ್ಟೆ. ಬಾಯಿಗೆ ತಂದವರು ಮುಖ ಕಿವಿಚಿ ಚೊಂಬು ಕೆಳಗಿಟ್ಟರು.

"ಗಂಟಲು," ಅಂದರು.

ನಾನು ಕಿರುಚಿದೆನೋ ಇಲ್ಲವೋ ತಿಳಿಯದು. ಅವರ ಗದ್ದ ಹಿಡಿದು ಚೊಂಬನ್ನು ತುಟಿಗೆ ಒತ್ತಿದೆ. ನೀರು ಎದೆ ಮೇಲೆಲ್ಲ ಚೆಲ್ಲಿತು. "ಕುಡೀರಿ! ನಿಮ್ಮ ದಮ್ಮಯ್ಯ ಅಂತೀನಿ, ಒಂದೇ ಗುಟುಕು!" ಅವರು ಕಣ್ಣು ಮುಚ್ಚಿ ನುಂಗಿದರು. ಇನ್ನೊಂದು ಗುಟುಕು ನುಂಗಿದರು. ಚೊಂಬು ಬರಿದು ಮಾಡಿದರು.

"ನೋವು ಕಣೇ, ಬರೀ ನೋವು. ಶೀತ ಆಗೈತಿ," ಅಂದರು. ನಾನು ನೆಲದ ಮೇಲೆ ಕುಸಿದು ಕೂತು ಬಿಕ್ಕತೊಡಗಿದೆ. ಅವರು ಎದ್ದು ಹೋಗಿ ಹಂಡೆಯಿಂದ ಅದೇ ಚೊಂಬಿನಲ್ಲಿ ನೀರು ತುಂಬಿ ತಂದು ನನ್ನ ಮುಂದೆ ಹಿಡಿದರು.

"ಈಗ ನೀ ಕುಡಿ," ಅಂದರು. "ಬೆಳಿಗ್ಗೆ ನಾ ಹೊರಡೋ ತನಕ ನೀ ನೀರು ಮುಟ್ಟಲಿಲ್ಲ. ನೀ ಕುಡೀತೀಯೋ ಇಲ್ಲೋ ನೋಡಾಕಂತನೇ ನಾ ಹೊಲದಾಗಿಂದ ಎದ್ದು ಬಂದಿದ್ದು."